ಒಂದಿಂಚಿನ ಪ್ಲಾಸ್ಟಿಕ್ ವೆಂಚುರಿ: ಬೈಪಾಸ್ ಸರಿ ಇದ್ದರೆ ಕೊಳ್ಳಿ

ಚನ್ನಗಿರಿ, ಹೊಳಲ್ಕೆರೆ ಕಡೆಯ ಅಡಿಕೆ ತೋಟಗಳಿಗೆ ಡ್ರಿಪ್ಪಿನಲ್ಲಿ ಗೊಬ್ಬರ ಬಿಡಲು ವೆಂಚುರಿ ತುಂಬ ಒಳ್ಳೆಯ ಸಾಧನ. ನಡುವೆ ಕಿರಿದಾದ ಪೈಪಿನ ತುಂಡು ಇದು, ಹರಿಯುವ ನೀರಿನ ಬಲದಿಂದಲೇ ಡ್ರಮ್ಮಿನಲ್ಲಿ ಕರಗಿಸಿಟ್ಟ ಗೊಬ್ಬರವನ್ನು ಎಳೆದುಕೊಳ್ಳುತ್ತದೆ. ಬೇರೆ ಕರೆಂಟು ಬೇಡ, ತಿರುಗುವ ಭಾಗ ಒಂದೂ ಇಲ್ಲ. ಆದರೂ "ಗೊಬ್ಬರ ಎಳೆಯೋದೇ ಇಲ್ಲ" ಅನ್ನುವ ದೂರು ಕೇಳಿಬರುತ್ತಲೇ ಇರುತ್ತದೆ. ತಪ್ಪು ಹೆಚ್ಚಾಗಿ ಜೋಡಣೆಯದು.

ಪೈಪಿನ ಒಳವ್ಯಾಸ 24 ಮಿ.ಮೀ., ವೆಂಚುರಿಯ ಕತ್ತು (ನಡುವಿನ ಕಿರಿದಾದ ಜಾಗ) 8 ಮಿ.ಮೀ. ಅಂದುಕೊಳ್ಳಿ. ವ್ಯಾಸ ಮೂರರಲ್ಲೊಂದಾದರೆ ನೀರು ಹೋಗುವ ಜಾಗ ಒಂಬತ್ತರಲ್ಲೊಂದು. ಬಂದ ನೀರೆಲ್ಲ ಅಲ್ಲೇ ದಾಟಬೇಕು, ಹಾಗಾಗಿ ವೇಗ 9 ಪಟ್ಟು. ಸೆಕೆಂಡಿಗೆ 1 ಲೀಟರ್ ಹರಿದರೆ ಪೈಪಿನಲ್ಲಿ ವೇಗ 2.2 ಮೀಟರ್, ಕತ್ತಿನಲ್ಲಿ ಸುಮಾರು 20 ಮೀಟರ್. ವೇಗ ಏರಿದ ಕಡೆ ಒತ್ತಡ ಇಳಿಯುತ್ತದೆ. ಇಲ್ಲಿ ಇಳಿಯುವುದು ಚದರ ಸೆಂ.ಮೀ.ಗೆ ಹತ್ತಿರಹತ್ತಿರ 2 ಕೆಜಿ. ಒಳಬರುವ ಒತ್ತಡ 1.8 ಕೆಜಿ ಇದ್ದರೆ, ಕತ್ತಿನಲ್ಲಿ ಅದು ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗೆ ಹೋಗಿ ಡ್ರಮ್ಮಿನ ಗೊಬ್ಬರದ ನೀರು ಒಳಕ್ಕೆ ನುಗ್ಗುತ್ತದೆ. ಹರಿವು ಅರ್ಧ ಲೀಟರಿಗೆ ಬಿದ್ದರೆ ಇಳಿಕೆ ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಬೇಸಿಗೆಯಲ್ಲಿ ಬೋರಿನ ನೀರು ತಗ್ಗಿದಾಗ ವೆಂಚುರಿ ಕೈಕೊಡುವುದು ಇದಕ್ಕೇ.

ಮೇನ್ ಪೈಪಿಗೆ ಗೇಟ್ ವಾಲ್ವ್, ಅದರ ಹಿಂದೆ ಮುಂದೆ ಒಂದೊಂದು ಟೀ (ಮೂರು ಬಾಯಿಯ ಜಾಯಿಂಟ್), ಅವುಗಳ ನಡುವಿನ ಬೈಪಾಸಿನಲ್ಲಿ, ಅಂದರೆ ಪಕ್ಕದ ಪೈಪಿನಲ್ಲಿ, ವೆಂಚುರಿ. ಎರಡೂ ಬದಿ ಬಾಲ್ ವಾಲ್ವ್, ಯೂನಿಯನ್ (ಬಿಚ್ಚಿ ಜೋಡಿಸುವ ಜಾಯಿಂಟ್), ಪ್ರೆಶರ್ ಗೇಜ್ ಇರಲಿ. ಮೈಮೇಲಿನ ಬಾಣ ನೀರು ಹರಿಯುವ ದಿಕ್ಕಿಗೇ ಇರಬೇಕು. ಸ್ಕ್ರೀನ್ ಫಿಲ್ಟರ್ ವೆಂಚುರಿ ಆದಮೇಲೆ ಬರಬೇಕು, ಕರಗದ ಹರಳು ಡ್ರಿಪ್ಪರಿಗೆ ಹೋಗಬಾರದಲ್ಲ.

ಮೊದಲು ಬರೀ ನೀರು ಬಿಟ್ಟು ಎಲ್ಲ ಲ್ಯಾಟರಲ್ (ಡ್ರಿಪ್ಪರ್ ಇರುವ ಸಣ್ಣ ಪೈಪು) ತುಂಬಿಸಿ. ಆಮೇಲೆ ಗೇಟ್ ವಾಲ್ವನ್ನು ಸ್ವಲ್ಪಸ್ವಲ್ಪವೇ ಮುಚ್ಚುತ್ತ ಬನ್ನಿ. ಒಳಗೇಜು 2 ಕೆಜಿ, ಹೊರಗೇಜು 1.4ರ ಆಸುಪಾಸು ತೋರಿಸಿದರೆ ಎಳೆತ ಶುರುವಾಗುತ್ತದೆ. ಡ್ರಮ್ಮಿನಲ್ಲಿ ಗುಳ್ಳೆ ಎದ್ದರೆ ನೀರು ಹಿಂದಕ್ಕೆ ನುಗ್ಗುತ್ತಿದೆ, ಅಂದರೆ ಹೊರಬದಿಯ ಒತ್ತಡ ಜಾಸ್ತಿಯಾಗಿದೆ: ಲೈನು ಕಟ್ಟಿದೆಯೋ, ಫಿಲ್ಟರ್ ತುಂಬಿದೆಯೋ ನೋಡಿ. ಡ್ರಮ್ಮಿನಿಂದ ಗೊಬ್ಬರ ಎಳೆಯುವ ಸಕ್ಷನ್ ಪೈಪಿನೊಳಗೆ ಗುಳ್ಳೆ ಓಡುತ್ತಿದ್ದರೆ ಜಾಯಿಂಟಿನಲ್ಲಿ ಗಾಳಿ ಸೇರುತ್ತಿದೆ, ಟೆಫ್ಲಾನ್ ಟೇಪ್ ಸುತ್ತಿ. ಮುಗಿದ ಮೇಲೆ 15–20 ನಿಮಿಷ ಬರೀ ನೀರು ಹರಿಸಿ.

ಕ್ಯಾಲ್ಸಿಯಂ ನೈಟ್ರೇಟ್ ಜೊತೆ ಸಲ್ಫೇಟ್, ಫಾಸ್ಫೇಟ್ ಗೊಬ್ಬರ ಬೆರೆಸಬೇಡಿ, ಸುಣ್ಣದಂತೆ ಗಟ್ಟಿಯಾಗುತ್ತದೆ. ಚಿತ್ರದುರ್ಗ ಕಡೆಯ ಗಡಸು ಬೋರ್ ನೀರಿಗೆ ಕತ್ತಿನಲ್ಲಿ ಬಿಳಿ ಪೊರೆ ಕಟ್ಟಿದರೆ ಬಿಚ್ಚಿ ವಿನೆಗರಿನಲ್ಲಿ ನೆನೆಸಿಡಿ. ತಂತಿಯಿಂದ ಮಾತ್ರ ಕೆರೆಯಬೇಡಿ, ಗೀರು ಬಿದ್ದ ಕತ್ತಿನಲ್ಲಿ ನೀರು ನುಣುಪಾಗಿ ಹರಿಯುವುದಿಲ್ಲ, ಎಳೆತ ಕುಗ್ಗುತ್ತದೆ.