ತೊಗರಿ ಕಾಳಿನ ಮುಂದೆ ಪಿಎಲ್‌ಸಿ ಮತ್ತು ಎಫ್‌ಪಿಜಿಎ

ಕಲಬುರಗಿಯ ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ಮ ಮಾವನ ಬೇಳೆ ಮಿಲ್ ಇದೆ. ಅಲ್ಲಿನ ಮೋಟರ್‌ಗಳನ್ನು ನಡೆಸುವ ಹಳೆ ರಿಲೇ ಪ್ಯಾನೆಲ್ ಬದಲಿಸುವ ಮಾತು ಬಂದಾಗ ಎರಡನ್ನು ಮನೆಯ ಟೇಬಲ್ ಮೇಲೆ ಜೋಡಿಸಿ ನೋಡಿದೆ. ಒಂದು ಸಣ್ಣ ಪಿಎಲ್‌ಸಿ, ಅಂದರೆ ಯಂತ್ರಗಳನ್ನು ನಡೆಸಲೆಂದೇ ಮಾಡಿದ ಕಂಪ್ಯೂಟರ್. ಇನ್ನೊಂದು ಟ್ಯಾಂಗ್ ನ್ಯಾನೊ 9ಕೆ ಎಂಬ ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನೇ ನಾವು ಬರೆದು ತುಂಬಬಹುದಾದ ಚಿಪ್) ಬೋರ್ಡ್: 8,640 ಲಟ್ (ಲಾಜಿಕ್‌ನ ಸಣ್ಣ ತುಣುಕುಗಳು), 27 ಮೆಗಾಹರ್ಟ್ಸ್ ಕ್ಲಾಕ್.

ಮೊದಲ ಕೆಲಸ, ಐದು ಮೋಟರ್‌ಗಳನ್ನು ಸರದಿಯಲ್ಲಿ ಚಾಲೂ ಮಾಡುವುದು. ಮಾಲು ಹೊರಬೀಳುವ ಕಡೆಯ ಮೋಟರ್ ಮೊದಲು, ಫೀಡರ್ ಕೊನೆಗೆ. ನಡುವೆ ಒಂದು ಟ್ರಿಪ್ ಆದರೆ ಅದಕ್ಕೆ ಮಾಲು ಕಳಿಸುವವೆಲ್ಲ ನಿಲ್ಲಬೇಕು. ಇಲ್ಲದಿದ್ದರೆ ಎಲಿವೇಟರ್ ಬುಡದಲ್ಲಿ ತೊಗರಿ ತುಂಬಿ, ಸಲಿಕೆ ಹಿಡಿಯುವುದೇ ಗತಿ.

ಇದರಲ್ಲಿ ಪಿಎಲ್‌ಸಿ ಸುಲಭವಾಗಿ ಗೆದ್ದಿತು. ಲ್ಯಾಡರ್, ಅಂದರೆ ರಿಲೇ ಚಿತ್ರದಂತೆ ಕಾಣುವ ಅದರ ಪ್ರೋಗ್ರಾಂ, ಒಂದು ಸಂಜೆಯಲ್ಲಿ ಮುಗಿಯಿತು. ಎಫ್‌ಪಿಜಿಎಗೆ ಸರ್ಕ್ಯೂಟ್ ಬರೆಯುವ ಭಾಷೆಯಾದ ವೆರಿಲಾಗ್‌ನಲ್ಲಿ ಸ್ಟೇಟ್ ಮಷಿನ್ (ಹಂತ ಹಂತವಾಗಿ ಸಾಗುವ ಲಾಜಿಕ್) ಬರೆಯುವುದೂ ಕಷ್ಟವಲ್ಲ, ಸುತ್ತಲಿನ ಕೆಲಸವೇ ಜಾಸ್ತಿ. ಪ್ಯಾನೆಲ್ 24 ವೋಲ್ಟ್, ಬೋರ್ಡ್ 3.3 ವೋಲ್ಟ್, ಹಾಗಾಗಿ ಪ್ರತಿ ತಂತಿಗೂ ಆಪ್ಟೊಕಪ್ಲರ್, ಅಂದರೆ ಸಿಗ್ನಲನ್ನು ಬೆಳಕಿನ ಮೂಲಕ ದಾಟಿಸುವ ಬಿಡಿಭಾಗ. ಮೋಟರಿನ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರ್ ಬಿಟ್ಟಾಗಲೆಲ್ಲ ಸುಳ್ಳು ಸಿಗ್ನಲ್. ಕೊನೆಗೆ ಪ್ರತಿ ಇನ್‌ಪುಟ್‌ಗೆ ಸಿಗ್ನಲನ್ನು ಕ್ಲಾಕ್‌ಗೆ ಹೊಂದಿಸಲು ಎರಡು ಫ್ಲಿಪ್‌ಫ್ಲಾಪ್, ಮೇಲೆ 20 ಮಿಲಿಸೆಕೆಂಡ್ ಡಿಬೌನ್ಸ್ (ಅಷ್ಟು ಹೊತ್ತು ಸ್ಥಿರವಾಗಿದ್ದರೆ ಮಾತ್ರ ಸಿಗ್ನಲ್ ನಂಬುವುದು) ಹಾಕಿದೆ. ಅಂದರೆ 5,40,000 ಕ್ಲಾಕ್ ಎಣಿಸುವ ಕೌಂಟರ್! ಪಿಎಲ್‌ಸಿಯಲ್ಲಿ ಆ ಫಿಲ್ಟರ್ ಒಳಗೇ ಇತ್ತು.

ಎರಡನೆಯ ಕೆಲಸಕ್ಕೆ ಆಟ ತಿರುಗಿತು. ಬೀಳುತ್ತಿರುವ ಕೆಟ್ಟ ಕಾಳನ್ನು ಸೆನ್ಸರ್ ಕಂಡ ಮೇಲೆ ಗಾಳಿ ಊದಿ ಹೊರಗೆ ತಳ್ಳಬೇಕು. ಅರ್ಧ ಮೀಟರ್ ಬಿದ್ದ ಕಾಳಿನ ವೇಗ ಸೆಕೆಂಡಿಗೆ ಸುಮಾರು 3 ಮೀಟರ್. ಪಿಎಲ್‌ಸಿಯಲ್ಲಿ ನನ್ನ ಪ್ರೋಗ್ರಾಂನ ಸ್ಕ್ಯಾನ್ (ಇನ್‌ಪುಟ್ ಓದಿ, ಲಾಜಿಕ್ ನಡೆಸಿ, ಔಟ್‌ಪುಟ್ ಬದಲಿಸುವ ಒಂದು ಸುತ್ತು) ಸುಮಾರು 10 ಮಿಲಿಸೆಕೆಂಡ್. ಅಷ್ಟರಲ್ಲಿ ಕಾಳು 3 ಸೆಂಟಿಮೀಟರ್ ಕೆಳಗೆ ಹೋಗಿರುತ್ತದೆ. ಗಾಳಿ ಬಿಡುವ ವಾಲ್ವ್ ಕೂಡ ನಿಧಾನ ಅಲ್ವಾ ಅನ್ನಬಹುದು. ನಿಜ, ಆದರೆ ವಾಲ್ವಿನ ತಡ ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ, ಗಾಳಿ ಊದುವ ನಳಿಕೆಯನ್ನು ಸ್ವಲ್ಪ ಕೆಳಗಿಳಿಸಿದರೆ ಸರಿಹೋಗುತ್ತದೆ. ಸ್ಕ್ಯಾನಿನ ತಡ ಒಮ್ಮೆ 1, ಒಮ್ಮೆ 9 ಮಿಲಿಸೆಕೆಂಡ್. ಅದಕ್ಕೆ ನಳಿಕೆಯನ್ನು ಎಲ್ಲಿ ಇಡುವುದು? ಸ್ಕ್ಯಾನಿಗೆ ಕಾಯದೆ ತಕ್ಷಣ ಸ್ಪಂದಿಸುವ, ಪಿಎಲ್‌ಸಿಯ ಇಂಟರಪ್ಟ್ ಇನ್‌ಪುಟ್ ಬಳಸಿದೆ. ಒಂದು ನಳಿಕೆಗೆ ನಡೆಯಿತು, ಎಂಟಕ್ಕೆ ಅಷ್ಟು ಇನ್‌ಪುಟ್‌ಗಳೇ ಇರಲಿಲ್ಲ. ಎಫ್‌ಪಿಜಿಎಯಲ್ಲಿ ಅದೇ ಸರ್ಕ್ಯೂಟ್ ಎಂಟು ಪ್ರತಿ ಹಾಕಿದೆ. ಎಂಟೂ ಒಟ್ಟಿಗೆ ಓಡುತ್ತವೆ, ಒಂದು ಇನ್ನೊಂದಕ್ಕೆ ಕಾಯುವುದಿಲ್ಲ.

ಒಂದು ಎಡವಟ್ಟು ಆಯಿತು. ಬೇಕಾದಾಗ ಲಾಜಿಕ್ ಬದಲಿಸಬಹುದು ಎಂಬ ಖುಷಿಯಲ್ಲಿ ಗಾಳಿ ಲೈನ್ ಬಂದ್ ಮಾಡದೆ ಹೊಸ ಬಿಟ್‌ಸ್ಟ್ರೀಮ್ (ಎಫ್‌ಪಿಜಿಎಗೆ ತುಂಬುವ ಸರ್ಕ್ಯೂಟಿನ ಫೈಲ್) ಇಳಿಸಿದೆ. ಈ ಸಣ್ಣ ಚಿಪ್‌ನಲ್ಲಿ ಅರ್ಧ ಭಾಗ ಮಾತ್ರ ಬದಲಿಸಲು ಬರುವುದಿಲ್ಲ, ಪೂರ್ತಿ ಅಳಿಸಿ ತುಂಬಬೇಕು. ಆ ಗಳಿಗೆಯಲ್ಲಿ ಪಿನ್‌ಗಳು ಚಿಪ್ ಒಳಗಿನ ಪುಲ್‌ಅಪ್ (ಪಿನ್ನನ್ನು ಆನ್ ಕಡೆಗೆ ಎಳೆಯುವ ರೆಸಿಸ್ಟರ್) ನಿಂದ ಮೇಲೆದ್ದು, ವಾಲ್ವ್‌ಗಳನ್ನು ಆನ್ ಮಾಡುವ ಸ್ವಿಚ್‌ಗಳಾದ ಮಾಸ್‌ಫೆಟ್‌ಗಳು ಆನ್ ಆದವು, ಎಂಟೂ ನಳಿಕೆ ಒಮ್ಮೆಲೇ ಊದಿ ತೊಗರಿ ಮನೆ ತುಂಬಾ ಚೆಲ್ಲಿತು. ಈಗ ಪ್ರತಿ ಮಾಸ್‌ಫೆಟ್‌ನ ಗೇಟಿಗೂ (ಅದನ್ನು ಆನ್ ಮಾಡುವ ಕಾಲು) ಆಫ್ ಕಡೆಗೆ ಎಳೆಯುವ 1 ಕಿಲೊಓಮ್ ಪುಲ್‌ಡೌನ್ ಇದೆ.

ಮೋಟರ್‌ಗಳನ್ನು ಪಿಎಲ್‌ಸಿಗೇ ಬಿಟ್ಟೆ. ರಾತ್ರಿ ಹನ್ನೊಂದಕ್ಕೆ ಮಿಲ್ ನಿಂತರೆ ಅಲ್ಲಿನ ಎಲೆಕ್ಟ್ರಿಷಿಯನ್ ಲ್ಯಾಡರ್ ಓದಿಕೊಳ್ಳುತ್ತಾರೆ, ವೆರಿಲಾಗ್‌ಗಾದರೆ ನನಗೇ ಫೋನ್. ನಳಿಕೆಗಳು ಎಫ್‌ಪಿಜಿಎ ಪಾಲು. ಎರಡರ ನಡುವೆ ಎರಡೇ ತಂತಿ: ಓಡು ಅಂತ ಒಂದು, ನಾನು ಬದುಕಿದ್ದೇನೆ ಅಂತ ಮಿಡಿಯುವುದು ಇನ್ನೊಂದು. ಮಿಡಿತ ನಿಂತರೆ ಫೀಡರ್ ಬಂದ್.