ಓದು ಕಲಿಸುವವರಿಗೆ ಆನ್‌ಲೈನ್ ತರಬೇತಿ: 2 ವರ್ಷ ಬಳಸಿದ ಮೇಲೆ ಅನಿಸಿದ್ದು

ಮಂಡ್ಯ ಜಿಲ್ಲೆಯ ನಮ್ಮೂರಿನ ಗ್ರಂಥಾಲಯದಲ್ಲಿ ವಾರಕ್ಕೆ 4 ಸಂಜೆ ಮಕ್ಕಳಿಗೆ ಓದು ಹೇಳಿಕೊಡುತ್ತೇನೆ. ಈಗ ಅದಕ್ಕೆ ಅರಿವು ಕೇಂದ್ರ ಅಂತ ಹೆಸರು. ಬರುವವರು 3ರಿಂದ 5ನೇ ತರಗತಿಯವರು. ಒಂದು ಸಲಕ್ಕೆ ಒಂದೇ ಮಗು, 20 ನಿಮಿಷ. ಈ ಕೆಲಸಕ್ಕೆ ತಯಾರಾಗಲು ಒಂದು ಸಂಸ್ಥೆಯ ಆನ್‌ಲೈನ್ ತರಬೇತಿಗೆ ಸೇರಿದ್ದೆ. 2 ವರ್ಷ ದಾಟಿತು. ಸಂಸ್ಥೆಯ ಹೆಸರು ಬರೆಯುತ್ತಿಲ್ಲ. ಇಂಥ ಕೋರ್ಸ್ ಆರಿಸುವಾಗ ಏನು ನೋಡಬೇಕು ಅನ್ನೋದು ನಿಮಗೆ ಗೊತ್ತಾದರೆ ಸಾಕು.

ಮೊದಲ ವರ್ಷ ನನಗೆ ಸಮಾಧಾನ ಇರಲಿಲ್ಲ. 10 ಪಾಠ, ಪ್ರತಿ ಪಾಠಕ್ಕೂ 40 ನಿಮಿಷದ ವಿಡಿಯೊ, ಕೊನೆಗೆ 5 ಪ್ರಶ್ನೆ. ಪಾಠಗಳು ಮೊದಲು ಇಂಗ್ಲಿಷ್ ಓದು ಕಲಿಸುವವರಿಗಾಗಿ ಮಾಡಿದ್ದು, ಆಮೇಲೆ ಕನ್ನಡಕ್ಕೆ ತಂದದ್ದು. ಧ್ವನಿಯ ಅರಿವು, ಅಕ್ಷರಕ್ಕೂ ಸದ್ದಿಗೂ ಇರುವ ನಂಟು, ಸರಾಗ ಓದು, ಪದಗಳ ಪರಿಚಯ, ಅರ್ಥ ಹಿಡಿಯುವುದು ಎಂಬ ಐದು ವಿಷಯ ಚೆನ್ನಾಗಿಯೇ ಹೇಳಿದರು. ಪ್ರಶ್ನೆಗಳಿಗೆಲ್ಲ ಸರಿ ಉತ್ತರ ಒತ್ತಿದೆ. ಅದೇ ವಾರ ಒಬ್ಬ ಹುಡುಗ ಎದುರಿಗೆ ಕೂತು 'ವರ್ಷ'ವನ್ನು 'ವಷ್ರ' ಅಂತ ಓದಿದ. ತಪ್ಪು ಅಂದೆ, ಸರಿಯಾದದ್ದನ್ನು ನಾನೇ ಹೇಳಿದೆ. ಎರಡು ಸಾಲು ದಾಟುವುದರೊಳಗೆ 'ಸೂರ್ಯ' ಹೋಗಿ 'ಸೂಯ್ರ' ಆಯಿತು. 10 ಪಾಠ ನೋಡಿದ್ದರೂ ಮುಂದೇನು ಮಾಡಬೇಕು ಅಂತ ನನಗೆ ತಿಳಿಯಲಿಲ್ಲ.

ಆ ಹುಡುಗ ಸುಮ್ನೆ ಊಹೆ ಮಾಡಿರಲಿಲ್ಲ. ಅರ್ಕಾವತ್ತಿನಲ್ಲಿ ರ ಸದ್ದು ಮೊದಲು ಬರುತ್ತದೆ. ಆದರೆ ಅದರ ಗುರುತು ಅಕ್ಷರ ಆದಮೇಲೆ ಪಕ್ಕದಲ್ಲಿ ಕೂರುತ್ತದೆ. ಅವನ ಕಣ್ಣು ಎಡದಿಂದ ಬಲಕ್ಕೆ ಕಂಡದ್ದನ್ನು ಕಂಡ ಹಾಗೇ ಓದಿತ್ತು. ಇದನ್ನು ಇಂಗ್ಲಿಷಿನಿಂದ ಬಂದ ಪಾಠ ಹೇಳಲಾರದು, ಅಲ್ವಾ? ವರ್ಣಮಾಲೆಯಲ್ಲಿ 49 ಅಕ್ಷರ ಇರಬಹುದು. ಆದರೆ 34 ವ್ಯಂಜನಕ್ಕೂ ಕಾಗುಣಿತ ಬರೆದರೆ ರೂಪಗಳು 400 ದಾಟುತ್ತವೆ. ಒತ್ತಕ್ಷರ ಅದರ ಮೇಲೆ. ಕನ್ನಡ ಮಕ್ಕಳು ಅಕ್ಷರ ಕಲಿಯುವ ವೇಗದ ಬಗ್ಗೆ ಸಂಶೋಧಕಿ ಸೋನಾಲಿ ನಾಗ್ ಮಾಡಿದ ಅಧ್ಯಯನ 2007ರಲ್ಲಿ ಪ್ರಕಟವಾಗಿದೆ. ಈ ಕಲಿಕೆ 4ನೇ ತರಗತಿಯವರೆಗೂ ಸಾಗುತ್ತಲೇ ಇರುತ್ತದೆ ಅಂತ ಅದು ತೋರಿಸಿತು. ಇದನ್ನು ಮೊದಲ ದಿನವೇ ನನಗೆ ಯಾರಾದರೂ ಹೇಳಬೇಕಿತ್ತು. ಒತ್ತಕ್ಷರದಲ್ಲಿ ಎಡವುವ 4ನೇ ತರಗತಿಯ ಮಗುವನ್ನು ದಡ್ಡ ಅಂತ ಎಷ್ಟು ಜನ ಅಂದುಬಿಡುತ್ತಾರೆ!

ನಮ್ಮಂಥವರ ದೂರುಗಳನ್ನು ಸಂಸ್ಥೆಯವರು ಕೇಳಿಸಿಕೊಂಡರು. ಎರಡನೇ ವರ್ಷ ಪಾಠಗಳನ್ನು ಹೊಸದಾಗಿ ಕಟ್ಟಿದರು. ಈ ವಿಮರ್ಶೆ ಬರೆಯಲು ಕಾರಣವೇ ಅದು. ವಿಡಿಯೊ ಈಗ 6 ನಿಮಿಷ. ಆಮೇಲೆ ಒಂದು ಮಗು ಓದುವ ಧ್ವನಿ ಕೇಳಿಸುತ್ತದೆ. ಆ ಪುಟದ ಪ್ರತಿ ನಮ್ಮ ಮುಂದೆ ಇರುತ್ತದೆ. ಎಲ್ಲಿ ನಿಂತಿತು, ಏನನ್ನು ಏನಂತ ಓದಿತು, ಎಲ್ಲಿ ತಾನೇ ತಿದ್ದಿಕೊಂಡಿತು, ಎಲ್ಲವನ್ನೂ ಗುರುತು ಹಾಕಬೇಕು. ಮಗು ಯಾಕೆ ಹಾಗೆ ಓದಿತು ಅಂತ ಒಂದು ಸಾಲು ಬರೆಯಬೇಕು. ಬರೆದ ಮೇಲಷ್ಟೇ ಅನುಭವಿ ಮಾರ್ಗದರ್ಶಕರ ಗುರುತುಗಳು ತೆರೆದುಕೊಳ್ಳುತ್ತವೆ.

ಒಂದು ಪಾಠ ಮರೆಯಲಾರೆ. ಹುಡುಗಿಯೊಬ್ಬಳು 'ಹಾಲು' ಅನ್ನೋದನ್ನು 'ಆಲು' ಅಂತ ಓದಿದಳು. ನಮ್ಮ ತರಬೇತಿಯ ಗುಂಪಿನಲ್ಲಿ ಅರ್ಧದಷ್ಟು ಜನ ತಪ್ಪು ಅಂತ ಗುರುತು ಹಾಕಿದ್ದರು, ನಾನೂ ಹಾಕಿದ್ದೆ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮಾತೇ ಹಾಗೆ. ಗದಗದ ಕಡೆಯ ಒಬ್ಬ ಶಿಕ್ಷಕಿ, ತಮ್ಮ ಮಕ್ಕಳು 'ಮನೆ'ಯನ್ನು 'ಮನಿ' ಅಂತ ಓದುತ್ತಾರೆ ಅಂದರು. ಮಾರ್ಗದರ್ಶಕರು ಕೇಳಿದ್ದು ಒಂದೇ ಪ್ರಶ್ನೆ: ಮಗುವಿಗೆ ಅದು ಏನು ಅಂತ ಗೊತ್ತಾಯಿತಾ? ಗೊತ್ತಾಗಿದ್ದರೆ ಅದು ಮನೆಯ ಮಾತು, ಓದನ್ನು ಅಲ್ಲಿ ತಡೆಯಬೇಡಿ ಅಂದರು. ಅದೇ 'ಬೇಲಿ'ಯನ್ನು 'ಬೆಲ್ಲ' ಅಂತ ಓದಿದರೆ ಅದು ಬೇರೆ. ಮೊದಲ ಅಕ್ಷರ ನೋಡಿ ಮಿಕ್ಕದ್ದನ್ನು ಊಹಿಸಿದ್ದು. ಅಲ್ಲಿ ಮತ್ತೆ ಅಕ್ಷರಕ್ಕೆ ಕರೆದುಕೊಂಡು ಬರಬೇಕು. ಎರಡೂ ನನ್ನ ಕಿವಿಗೆ ಅದುವರೆಗೆ ಒಂದೇ ಥರ ಕೇಳುತ್ತಿದ್ದವು.

ಇನ್ನೊಂದು, ಕಾಯುವುದು. ಮಗು ನಿಂತಾಗ ಕನಿಷ್ಠ 5 ಸೆಕೆಂಡ್ ಸುಮ್ಮನಿರಿ, ಆಮೇಲೆ ಸುಳಿವು ಕೊಡಿ, ಪ್ರಯತ್ನ ಮೆಚ್ಚಿ ಎಂಬ ಈ ಕ್ರಮ ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ 1970ರ ದಶಕದಲ್ಲಿ ರೂಪುಗೊಂಡದ್ದು. ಮನೆಯಲ್ಲಿ ಮಕ್ಕಳ ಓದಿಗೆ ನೆರವಾಗುವ ಅಪ್ಪ ಅಮ್ಮಂದಿರಿಗಾಗಿ ಶುರು ಮಾಡಿದ್ದರಂತೆ. ನಾನು ಮಕ್ಕಳಿಗೆ ಹೇಳಿಕೊಡುವುದನ್ನು ಮನೆಯವರ ಒಪ್ಪಿಗೆ ಪಡೆದು 5 ನಿಮಿಷ ರೆಕಾರ್ಡ್ ಮಾಡಿ ಕಳಿಸಬೇಕಿತ್ತು. ಮಾರ್ಗದರ್ಶಕರು ಉತ್ತರಿಸುವ ಮೊದಲು ನಾನೇ ಕೇಳಿಸಿಕೊಂಡೆ. ಮಗು ಉಸಿರು ತೆಗೆದುಕೊಳ್ಳುವುದರೊಳಗೆ ನಾನು ಪದ ಹೇಳಿ ಮುಗಿಸಿದ್ದೆ. ಅವತ್ತಿನಿಂದ ಮನಸ್ಸಿನಲ್ಲೇ ಐದರವರೆಗೆ ಎಣಿಸುತ್ತೇನೆ. 'ವಷ್ರ' ಅಂದಿದ್ದ ಹುಡುಗನಿಗೆ 'ಚಕ್ರ', 'ಸರ್ಕಸ್' ಎರಡನ್ನೂ ಪಕ್ಕ ಪಕ್ಕ ಬರೆದು ತೋರಿಸಿದೆ. ಎರಡರಲ್ಲೂ ಕ ಇದೆ, ರ ಇದೆ. ಯಾವುದರಲ್ಲಿ ರ ಮೊದಲು ಕೇಳುತ್ತದೆ ಅಂತ ಕೇಳಿ ಸುಮ್ಮನಾದೆ. ಎರಡನ್ನೂ ಬಾಯಲ್ಲಿ ತಿರುಗಿಸಿ ನೋಡಿ, 'ಸರ್ಕಸ್' ಮೇಲೆ ಬೆರಳಿಟ್ಟ.

ಮಗು ಎಲ್ಲಿದೆ ಅಂತ ತಿಳಿಯುವ ಪಾಠವೂ ಚೆನ್ನಾಗಿದೆ. ಹಳ್ಳಿ ಮಕ್ಕಳ ಓದು, ಲೆಕ್ಕ ಎಷ್ಟರಮಟ್ಟಿಗಿದೆ ಅಂತ ನೋಡುವ ಅಸರ್ ಸಮೀಕ್ಷೆಯಲ್ಲಿ 2005ರಿಂದ ಬಳಸುತ್ತಿರುವ ಮಾದರಿಯನ್ನೇ ಕಲಿಸುತ್ತಾರೆ: ಅಕ್ಷರ, ಪದ, 1ನೇ ತರಗತಿ ಮಟ್ಟದ ಪ್ಯಾರಾ, 2ನೇ ತರಗತಿ ಮಟ್ಟದ ಕಥೆ. ಕೆಲವೇ ನಿಮಿಷದ ಕೆಲಸ. ಪುಸ್ತಕಕ್ಕೆ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದ ಕಡೆಗೆ ಕಳಿಸುತ್ತಾರೆ. ಕನ್ನಡ ಕಥೆಗಳು ಹಂತ ಹಂತವಾಗಿ ಸಿಗುತ್ತವೆ, ದುಡ್ಡು ಕೊಡಬೇಕಿಲ್ಲ.

ಕೊರತೆ ಇನ್ನೂ ಇದೆ. ಮಾರ್ಗದರ್ಶಕರು ಕಡಿಮೆ. ರೆಕಾರ್ಡಿಂಗ್‌ಗೆ ಉತ್ತರ ಬರಲು ಕೆಲವು ಸಲ 3 ವಾರ ಆಗುತ್ತದೆ, ಅಷ್ಟರಲ್ಲಿ ಮಗು ಬೇರೆ ಕಡೆ ಎಡವುತ್ತಿರುತ್ತದೆ. ನೆಟ್‌ವರ್ಕ್ ಇಲ್ಲದಾಗ ಧ್ವನಿ ಪಾಠ ತೆರೆಯುವುದಿಲ್ಲ, ಇಳಿಸಿಟ್ಟುಕೊಳ್ಳಲು ದಾರಿಯೂ ಇಲ್ಲ. ನನಗೆ ಜಾಸ್ತಿ ನೋವಾಗುವುದು ಇನ್ನೊಂದಕ್ಕೆ. ನನ್ನ ಹತ್ತಿರ ಬರುವ ಇಬ್ಬರು ಮಕ್ಕಳ ಮನೆಮಾತು ಉರ್ದು. ಅಕ್ಷರ ಕೂಡಿಸಿ ಸರಿಯಾಗಿ ಓದುತ್ತಾರೆ, ಪದದ ಅರ್ಥ ಮಾತ್ರ ಗೊತ್ತಿರುವುದಿಲ್ಲ. ಇಂಥ ಮಕ್ಕಳಿಗೆ ಏನು ಮಾಡಬೇಕು ಅನ್ನುವ ಒಂದು ಪಾಠವೂ ಇಲ್ಲ. ಎರಡು ಸಲ ಬರೆದು ಕೇಳಿದ್ದೇನೆ, ಮತ್ತೆ ಕೇಳುತ್ತೇನೆ.

ನೀವು ಯಾವ ಕೋರ್ಸ್ ನೋಡುತ್ತಿದ್ದರೂ ಸೇರುವ ಮೊದಲು ಒಂದು ಮಾದರಿ ಪಾಠ ಕೇಳಿ ತರಿಸಿಕೊಳ್ಳಿ. ಅದರಲ್ಲಿ ಕನ್ನಡದ ಮಗುವೊಂದು ತಡವರಿಸಿ ಓದುವ ಧ್ವನಿ ಇದೆಯಾ ನೋಡಿ. ನೀವು ಕಳಿಸುವ ರೆಕಾರ್ಡಿಂಗ್ ಯಾರು ಕೇಳುತ್ತಾರೆ, ಎಷ್ಟು ದಿನಕ್ಕೆ ಉತ್ತರ ಕೊಡುತ್ತಾರೆ ವಿಚಾರಿಸಿ. ಬೇಸಿಗೆ ರಜೆಯಲ್ಲಿ ಸೇರಬೇಡಿ. ಶಾಲೆ ಶುರುವಾಗಿ ಮಕ್ಕಳು ಬರಲಿ, ಬೆಳಗ್ಗೆ ಕೇಳಿದ ಪಾಠವನ್ನು ಅದೇ ಸಂಜೆ ಮಾಡಿ ನೋಡಬಹುದು.