ಆರು ವರ್ಷ ಬಳಸಿದ 15 ಲೀಟರ್ ಗೀಸರ್: ಕೂರಿಸುವ ಮೊದಲು ಅರ್ತಿಂಗ್ ನೋಡಿ

ನಮ್ಮದು ತುಮಕೂರಿನಲ್ಲಿ ಹಳೇ ಮನೆ, ಬೋರ್‌ವೆಲ್ ನೀರು. ಮೊದಲು ಬಚ್ಚಲುಮನೆಯಲ್ಲಿ ಹಂಡೆ ಒಲೆ ಇತ್ತು. ಹೊಗೆಗೆ ಅಮ್ಮನ ಕೆಮ್ಮು ಜಾಸ್ತಿಯಾಯಿತು. ಹಾಗಾಗಿ 2019ರ ಡಿಸೆಂಬರ್‌ನಲ್ಲಿ 15 ಲೀಟರಿನ, 2000 ವಾಟ್‌ನ ಸ್ಟೋರೇಜ್ ಗೀಸರ್ ತಂದೆವು.

ನೀರು ಕಾಯಿಸುವುದರಲ್ಲಿ ದೂರಿಲ್ಲ. ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಟ್ಯಾಂಕ್ ಕಾಯುತ್ತದೆ. ಒಂದು ಸಲಕ್ಕೆ ಮುಕ್ಕಾಲು ಯೂನಿಟ್ ಹತ್ತಿರ ಕರೆಂಟ್. ತಣ್ಣೀರು ಬೆರೆಸಿಕೊಂಡರೆ ಇಬ್ಬರ ಸ್ನಾನ ಆರಾಮಾಗಿ ಆಗುತ್ತದೆ.

ಆದರೆ ಅದನ್ನು ಕೂರಿಸಿದ ಕಥೆ ಹೇಳಲೇಬೇಕು. ಮೊದಲು ಬಂದ ಎಲೆಕ್ಟ್ರಿಷಿಯನ್ ಒಂದೇ ಗಂಟೆಯಲ್ಲಿ ಕೆಲಸ ಮುಗಿಸಿ ಹೋದರು. ಮೂರನೇ ದಿನ ಅಮ್ಮ, "ನಲ್ಲಿ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ" ಎಂದರು. ಚಳಿಗೆ ಹಾಗಾಗಿರಬೇಕು ಅಂದುಕೊಂಡೆ. ಮರುದಿನ ನನಗೂ ಜುಮ್ ಅಂದಾಗ ಹೆದರಿಕೆಯಾಯಿತು. ಗೀಸರ್ ಆಫ್ ಮಾಡಿ ಬೇರೆಯವರನ್ನು ಕರೆಸಿದೆ. ಅವರು ಸಾಕೆಟ್ ಬಿಚ್ಚಿ ತೋರಿಸಿದರು. ಆ ಲೈನಿಗೆ ಅರ್ತ್ ವೈರೇ (ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರ್) ಇಲ್ಲ! ಮೊದಲು ಬಂದವರು ನ್ಯೂಟ್ರಲ್‌ನಿಂದ, ಅಂದರೆ ಕರೆಂಟ್ ವಾಪಸ್ ಹೋಗುವ ವೈರ್‌ನಿಂದ, ಒಂದು ತುಂಡು ವೈರ್ ಎಳೆದು ಅರ್ತ್ ಪಿನ್ನಿಗೆ ಸಿಕ್ಕಿಸಿದ್ದರು. "ಮಧ್ಯ ಎಲ್ಲಾದ್ರೂ ನ್ಯೂಟ್ರಲ್ ಕಟ್ ಆಗಿದ್ರೆ ಗೀಸರ್ ಬಾಡಿಗೇ 230 ವೋಲ್ಟ್ ಬರ್ತಿತ್ತು ಅಕ್ಕಾ" ಎಂದರು. ಅಮ್ಮ ಒದ್ದೆ ಕಾಲಲ್ಲಿ ನಿಂತು ಆ ನಲ್ಲಿ ತಿರುಗಿಸುತ್ತಿದ್ದದ್ದು ನೆನೆದರೆ ಈಗಲೂ ಮೈ ನಡುಗುತ್ತದೆ.

ಆಮೇಲೆ ಎಲ್ಲವನ್ನೂ ಹೊಸದಾಗಿ ಮಾಡಿಸಿದೆವು. ಹಿತ್ತಲಲ್ಲಿ ಗುಂಡಿ ತೆಗೆದು ಎಂಟು ಅಡಿ ಜಿಐ ಪೈಪ್ ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿಸಿದೆವು. ಬೇಸಿಗೆಯಲ್ಲಿ ಅದಕ್ಕೆ ಆಗಾಗ ಎರಡು ಬಿಂದಿಗೆ ನೀರು ಹಾಕುತ್ತೇವೆ, ಮಣ್ಣು ಒಣಗಿದರೆ ಅರ್ತಿಂಗ್ ಸರಿಯಾಗಿ ಕೆಲಸ ಮಾಡಲ್ಲ. ಈ ಗೀಸರ್ ಸುಮಾರು 9 ಆಂಪ್ ಎಳೆಯುತ್ತದೆ. ಅದಕ್ಕೆಂದೇ ಬೇರೆ ಲೈನ್, 4 ಸ್ಕ್ವೇರ್ ಎಂಎಂ ತಾಮ್ರದ ವೈರ್, ಲೋಡ್ ಜಾಸ್ತಿಯಾದರೆ ತಾನೇ ಕರೆಂಟ್ ಕಡಿಯುವ 16 ಆಂಪ್ ಎಂಸಿಬಿ. ಜೊತೆಗೆ ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿ ಆಂಪ್‌ನ ಆರ್‌ಸಿಸಿಬಿ. ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಕಡಿಯುವ ಡಬಲ್ ಪೋಲ್ ಸ್ವಿಚ್ ಬಾಗಿಲಿನ ಹೊರಗಿದೆ. ನೀರು ತುಂಬಿದರೆ ಗೀಸರ್ 25 ಕಿಲೋ ಹತ್ತಿರ ತೂಗುತ್ತದೆ. ಅದಕ್ಕೇ ಸ್ನಾನಕ್ಕೆ ಕೂರುವ ಜಾಗದಿಂದ ದೂರದ ಇಟ್ಟಿಗೆ ಗೋಡೆಗೆ, ಆಂಕರ್ ಬೋಲ್ಟ್ ಹಾಕಿಸಿ ತೂಗುಹಾಕಿಸಿದೆ.

ಆರ್‌ಸಿಸಿಬಿ ಸುಮ್ನೆ ಖರ್ಚು ಅಂತ ಆಗ ಮನೆಯಲ್ಲಿ ಮಾತು ಬಂದಿತ್ತು. 2023ರಲ್ಲಿ ಅದರ ಬೆಲೆ ತಿಳಿಯಿತು. ಗೀಸರ್ ಆನ್ ಮಾಡಿದರೆ ಸಾಕು, ಆರ್‌ಸಿಸಿಬಿ ಟಪ್ ಅಂತ ಬಿದ್ದು ಕರೆಂಟ್ ಕಡಿಯುತ್ತಿತ್ತು. ಎಂಸಿಬಿ ಮಾತ್ರ ಬೀಳುತ್ತಿರಲಿಲ್ಲ. ಬಿಚ್ಚಿ ನೋಡಿದರೆ ಎಲಿಮೆಂಟ್ ಮೇಲೆ ಸುಣ್ಣದಂತೆ ದಪ್ಪ ಪದರ, ಒಂದು ಕಡೆ ಅದರ ಕವಚವೇ ಬಿರಿದಿತ್ತು. ಕರೆಂಟ್ ನೀರಿಗೆ ಸೋರುತ್ತಿತ್ತು. ಎಂಸಿಬಿ ಲೋಡ್ ಜಾಸ್ತಿಯಾದರೆ ಇಲ್ಲವೇ ಶಾರ್ಟ್ ಆದರೆ ಮಾತ್ರ ಬೀಳುತ್ತದೆ. ಹೋದ ಕರೆಂಟ್ ಅಷ್ಟೇ ವಾಪಸ್ ಬರುತ್ತಿದೆಯೇ ಅಂತ ನೋಡುವುದು ಆರ್‌ಸಿಸಿಬಿ. ಎರಡೂ ಬೇಕು. ಅದರ ಮೇಲಿನ ಟೆಸ್ಟ್ ಬಟನ್ ಅನ್ನು ಪ್ರತಿ ತಿಂಗಳು ಒತ್ತಿ ನೋಡುತ್ತೇನೆ.

ಅವತ್ತು ಎಲಿಮೆಂಟ್ ಜೊತೆ ಮೆಗ್ನೀಸಿಯಂ ರಾಡ್ ಕೂಡ ಬದಲಾಯಿಸಿದೆವು. ಹಳೆಯದು ಸವೆದು ತಂತಿಯಷ್ಟಾಗಿತ್ತು. ಟ್ಯಾಂಕ್ ತುಕ್ಕು ಹಿಡಿಯದಂತೆ ಅದು ತಾನೇ ಸವೆಯುತ್ತದೆ. ನಮ್ಮಂಥ ಗಡಸು ನೀರಿನ ಊರಲ್ಲಿ ವರ್ಷಕ್ಕೊಮ್ಮೆ ಬಿಚ್ಚಿಸಿ ನೋಡಬೇಕಿತ್ತು, ನಾವು ನಾಲ್ಕು ವರ್ಷ ಮುಟ್ಟಿರಲಿಲ್ಲ.

ಇನ್ನೊಂದು ಮಾತು. ನೀರು ಕಾಯುವಾಗ ಪ್ರೆಷರ್ ವಾಲ್ವ್‌ನಿಂದ ಹನಿ ಬೀಳುತ್ತದೆ. ಪ್ಲಂಬರ್ ಒಬ್ಬರು ಅದಕ್ಕೆ ಬಿರಡೆ ಹಾಕಲು ಹೊರಟಿದ್ದರು, ನಾನು ಬಿಡಲಿಲ್ಲ. ಕಾದ ನೀರು ಹಿಗ್ಗಿದಾಗ ಒತ್ತಡ ಇಳಿಯಬೇಕಾದ್ದು ಅಲ್ಲೇ. ಅದನ್ನು ಮುಚ್ಚಿದರೆ ಟ್ಯಾಂಕ್ ಸಿಡಿಯುವ ಅಪಾಯ ಇದೆ.

ಇಂಡಿಕೇಟರ್ ದೀಪ ಎರಡನೇ ವರ್ಷವೇ ಹೋಯಿತು, ಅದಕ್ಕೆ ಒಂದು ಸ್ಟಾರ್ ಕಡಿಮೆ. ಈಗ ಹೊರಗಿನ ಸ್ವಿಚ್ಚಿನ ಕೆಂಪು ದೀಪ ನೋಡಿಕೊಂಡು, ಆಫ್ ಮಾಡಿಯೇ ಅಮ್ಮ ಸ್ನಾನಕ್ಕೆ ಹೋಗುತ್ತಾರೆ.